ಬೇಸಿಗೆಯ ಬಿಡುವಿನಲ್ಲಿ ಬಾಲದಾಸೋಹ

(ಶ್ರೀಮಠದ ಮಹೋತ್ಸವ ಸಭೆಯಲ್ಲಿ ಮಾಡಿದ ಉಪನ್ಯಾಸ)

 

ಮಹೋತ್ಸವದ ಈ ವೇದಿಕೆಯಲ್ಲಿ ಷಟ್‌ಸ್ಥಲ, ಅಷ್ಟಾವರಣ, ಗುರುಪರಂಪರೆ ಮೊದಲಾದ ಘನವಾದ ವಿಷಯಗಳ ನಿರೂಪಣೆಯು ನಡೆದಿರುವುದಷ್ಟೆ. ಅವುಗಳ ಪಕ್ಕದಲ್ಲಿ ಇಂದಿನ ಉಪನ್ಯಾಸದ ವಿಷಯವು ತೀರ ಸಣ್ಣದೆಂದು ತೋರಬಹುದು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಎಳೆಯ ಮಕ್ಕಳಿಗಾಗಿ ಬೇಸಿಗೆಯ ರಜೆಯಲ್ಲಿ ಹಗಲು ಶಿಬಿರಗಳನ್ನು ಏರ್ಪಡಿಸುವ ಬಗೆ ಹೇಗೆ ಎಂಬುದೇ ಆ ವಿಷಯ. ಆದರೆ ಶರಣಧರ್ಮದಲ್ಲಿ ಸಣ್ಣದು ದೊಡ್ಡದೆಂಬ ಭೇದವು ಕಾಯಕಕ್ಕೆ ಇಲ್ಲ. ದಾಸೋಹವು ಬಂದವನ ವಯಸ್ಸನ್ನು ವಿಚಾರಿಸುವುದಿಲ್ಲ. ಆದುದರಿಂದ ಈ ವಿಷಯವು ಮಠಕ್ಕೆ ಹೊರಗಿನದಲ್ಲ, ಮಠದ ಒಳಗಿನದೇ ಎಂಬುದನ್ನು ಮೊದಲು ಮನಗಾಣತಕ್ಕದ್ದು.

ಏಪ್ರಿಲ್ ತಿಂಗಳ ಎರಡನೆಯ ವಾರದ ಹೊತ್ತಿಗೆ ಶಾಲೆಗಳ ಬಾಗಿಲು ಮುಚ್ಚಿದರೆ ಮತ್ತೆ ತೆರೆಯುವುದು ಮೇ ತಿಂಗಳ ಕಡೆಯಲ್ಲಿ. ಈ ಆರೇಳು ವಾರಗಳ ಬಿಡುವು ಉಳ್ಳವರ ಮನೆಯ ಮಕ್ಕಳಿಗೆ ಅಜ್ಜನ ಮನೆಯ ಕಾಲ, ಹಲಸು ಮಾವುಗಳ ಕಾಲ. ಇಲ್ಲದವರ ಮನೆಯಲ್ಲಿ ಅದೇ ಬಿಡುವು ಬೇರೊಂದು ರೂಪವನ್ನು ತಾಳುತ್ತದೆ. ಮಳೆಗೆ ಮುಂಚೆ ಮುಗಿಸಬೇಕಾದ ಕೆಲಸಗಳು ಮಲೆನಾಡಿನಲ್ಲಿ ಒಟ್ಟಿಗೆ ಬಂದು ಬೀಳುವುದು ಈ ದಿನಗಳಲ್ಲಿಯೇ. ಅಡಕೆಯ ತೋಟಕ್ಕೆ ಹೊಸ ಮಣ್ಣು ಹೊರಬೇಕು, ದರಗು ಗುಡಿಸಿ ತರಬೇಕು, ಕಟ್ಟಿಗೆ ಒಟ್ಟಬೇಕು, ಮನೆಯ ಮಾಡನ್ನು ಸರಿಪಡಿಸಬೇಕು, ಕಲ್ಲಿನ ಗಣಿಯಲ್ಲಿಯೂ ಆಗಲೇ ಕೆಲಸದ ಭರ. ತಾಯಿ ತಂದೆ ಇಬ್ಬರೂ ಬೆಳಗ್ಗೆ ಕೂಲಿಗೆ ಹೊರಟರೆ ಮನೆಯಲ್ಲಿ ಉಳಿಯುವುದು ಎಂಟು ವರ್ಷದ ಅಕ್ಕ, ಅವಳ ಕಂಕುಳಲ್ಲಿ ಮೂರು ವರ್ಷದ ತಮ್ಮ. ಒಲೆ, ಬಾವಿ, ಹೊಳೆ, ಹಾವು ಇವೆಲ್ಲವೂ ಆ ಎಂಟು ವರ್ಷದ ಮಗುವಿನ ಜವಾಬ್ದಾರಿಗೆ ಬೀಳುತ್ತವೆ.

ಊಟದ ವಿಷಯವೂ ಹಾಗೆಯೇ. ಅಕ್ಷರದಾಸೋಹವೆಂಬ ಮಧ್ಯಾಹ್ನದ ಊಟದ ಯೋಜನೆಯು ೨೦೦೨ರಲ್ಲಿ ಈಶಾನ್ಯ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾಗಿ ಬಳಿಕ ನಾಡಿಗೆಲ್ಲ ಹಬ್ಬಿತು. ಶಾಲೆಯು ಮುಚ್ಚಿದಾಗ ಆ ಒಲೆಯೂ ಆರುತ್ತದೆ. ಬರಪೀಡಿತವೆಂದು ಸಾರಿದ ಪ್ರದೇಶಗಳಲ್ಲಿ ಬೇಸಿಗೆಯ ರಜೆಯಲ್ಲಿಯೂ ಊಟವನ್ನು ನೀಡತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು ೨೦೦೪ರಲ್ಲಿ ಆಜ್ಞೆ ಮಾಡಿತು. ಆದರೆ ಮಳೆನಾಡಿಗೆ ಬರದ ಹೆಸರು ಬರುವುದು ಅಪರೂಪ. ಯೋಜನೆಗೆ ದಾಸೋಹವೆಂಬ ಹೆಸರನ್ನು ಸರ್ಕಾರವು ಶರಣರಿಂದ ಎರವಲು ಪಡೆಯಿತು. ಆ ದಾಸೋಹವು ನಿಂತ ದಿನಗಳಲ್ಲಿ ಅದನ್ನು ಮುಂದುವರಿಸುವ ಹೊಣೆಯು ಆ ಹೆಸರಿನ ಮೂಲ ಒಡೆಯರದೇ ಅಲ್ಲವೆ?

ಶಿಬಿರವೆಂದ ಕೂಡಲೇ ಮನಸ್ಸಿಗೆ ಬರುವ ಚಿತ್ರವೊಂದುಂಟು. ಮಠದ ವಿಶಾಲವಾದ ಸಭಾಮಂಟಪ, ಬಣ್ಣದ ತೋರಣ, ಮುನ್ನೂರು ಮಕ್ಕಳ ಸಾಲು, ಉದ್ಘಾಟನೆಯ ದಿನ ಹತ್ತು ಮಂದಿ ಗಣ್ಯರ ಭಾಷಣ, ಸಮಾರೋಪದ ದಿನ ಶಾಲು ಮತ್ತು ಹಾರ. ಇಂತಹ ಶಿಬಿರಗಳಿಂದ ಪ್ರಯೋಜನವಿಲ್ಲವೆಂದು ಹೇಳತಕ್ಕದ್ದಲ್ಲ. ಆದರೆ ಅಲ್ಲಿಗೆ ಬರತಕ್ಕ ಮಕ್ಕಳು ಯಾರೆಂಬುದನ್ನು ವಿಚಾರಿಸಬೇಕು. ಮಲೆನಾಡಿನಲ್ಲಿ ಊರೆಂದರೆ ಬಯಲುಸೀಮೆಯ ಊರಿನಂತೆ ಒಂದೇ ಕಡೆ ಗುಂಪಾದ ಮನೆಗಳಲ್ಲ. ಗುಡ್ಡದ ಆಚೆಗೊಂದು ಮನೆ, ಕಣಿವೆಯ ತೋಟದ ಅಂಚಿನಲ್ಲಿ ಎರಡು ಮನೆ, ಹಳ್ಳದ ಆಚೆ ನಾಲ್ಕು ಬಿಡಾರ. ಶರಾವತಿಗೆ ಲಿಂಗನಮಕ್ಕಿಯಲ್ಲಿ ೧೯೬೪ರಲ್ಲಿ ಅಣೆಕಟ್ಟು ಮುಗಿದ ಮೇಲೆ ಸಾಗರ ತಾಲ್ಲೂಕಿನ ಹಿನ್ನೀರಿನಾಚೆಯ ಊರುಗಳಿಗೆ ಪೇಟೆಯು ಇನ್ನಷ್ಟು ದೂರವಾಯಿತು. ಅಂಬಾರಗೋಡ್ಲು ಕಳಸವಳ್ಳಿಗಳ ನಡುವಣ ಸೇತುವೆಯು ಸಂಚಾರಕ್ಕೆ ತೆರೆದುದು ೨೦೨೫ರ ಜುಲೈ ತಿಂಗಳಲ್ಲಿ. ಅಲ್ಲಿಯವರೆಗೆ ಆ ಭಾಗದ ಜನರಿಗೆ ಲಾಂಚೇ ದಾರಿ. ಇಂತಹ ನಾಡಿನಲ್ಲಿ ಶಿಬಿರವನ್ನು ಒಂದೇ ಕಡೆ ನಡೆಸಿದರೆ ವಾಹನವುಳ್ಳ ತಂದೆಯ ಮಗು ಮಾತ್ರ ಅಲ್ಲಿಗೆ ತಲಪುತ್ತದೆ. ಕೂಲಿಗೆ ಹೋದ ತಾಯಿಯ ಮಗು ತನ್ನ ಜಗಲಿಯ ಮೇಲೆಯೇ ಉಳಿಯುತ್ತದೆ.

ಆದುದರಿಂದ ಈ ಉಪನ್ಯಾಸದ ಮುಖ್ಯವಾದ ಮಾತು ಒಂದೇ: ಮಗುವು ಶಿಬಿರಕ್ಕೆ ಬರಬೇಕೆಂದು ಕಾಯಬಾರದು, ಶಿಬಿರವೇ ಮಗುವಿದ್ದಲ್ಲಿಗೆ ಹೋಗಬೇಕು. ಸ್ಥಾವರಕ್ಕಿಂತ ಜಂಗಮವು ಹಿರಿದೆಂಬ ತತ್ತ್ವವನ್ನು ಪೀಠದ ಮೇಲೆ ಕುಳಿತು ವ್ಯಾಖ್ಯಾನಿಸುವುದು ಸುಲಭ. ಅದನ್ನು ನಡೆಸಿ ತೋರಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶವು ದೊರೆಯಲಾರದು.

ಇದು ಹೊಸದಾಗಿ ಹುಟ್ಟಿದ ಕಲ್ಪನೆಯೂ ಅಲ್ಲ. ಸರ್ಕಾರಿ ಶಾಲೆಗಳು ಬರುವುದಕ್ಕೆ ಮುಂಚೆ ಕನ್ನಡನಾಡಿನ ಹಳ್ಳಿಗಳಲ್ಲಿ ಐಗಳ ಮಠಗಳಿದ್ದುವು. ಮರಳಿನ ಮೇಲೆ ಬೆರಳಾಡಿಸಿ ಅಕ್ಷರವನ್ನು ತಿದ್ದಿದ ಎಷ್ಟೋ ತಲೆಮಾರುಗಳಿಗೆ ಗುಡಿಯ ಪೌಳಿಯೋ ಗೃಹಸ್ಥನ ಜಗಲಿಯೋ ಪಾಠಶಾಲೆಯಾಗಿತ್ತು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಮನೆಗೆ ದಕ್ಷಿಣಕನ್ನಡದಿಂದ ಉಪಾಧ್ಯಾಯರನ್ನು ಕರೆಯಿಸಿ ಮಕ್ಕಳಿಗೆ ಪಾಠ ಹೇಳಿಸಿದರು. ಕುವೆಂಪು ಅವರ ವಿದ್ಯಾಭ್ಯಾಸವು ಮೊದಲಾದುದು ಹಾಗೆ. ತೀರ್ಥಹಳ್ಳಿಯ ಶಾಲೆಗೆ ಅವರು ಸೇರಿದುದು ಆಮೇಲೆ. ಪಾಠವು ಮನೆಯ ಬಾಗಿಲಿಗೆ ಬಂದುದರ ಫಲವನ್ನು ನಾಡು ಇಂದಿಗೂ ಉಣ್ಣುತ್ತಿದೆ.

ಹೊರದೇಶದ ಉದಾಹರಣೆಯನ್ನು ನೋಡಿದರೂ ಇದೇ ಸಂಗತಿಯು ಕಾಣಬರುತ್ತದೆ. ರೋಮ್ ನಗರದ ಸಾನ್ ಲೊರೆಂಜೋ ಎಂಬ ಬಡವರ ಕೇರಿಯಲ್ಲಿ ತಾಯಿತಂದೆಯರು ದುಡಿಯುವುದಕ್ಕೆ ಹೋದಾಗ ಮಕ್ಕಳು ದಿಕ್ಕಿಲ್ಲದೆ ಮೆಟ್ಟಿಲುಗಳಲ್ಲಿ ಅಲೆಯುತ್ತಿದ್ದರು. ಆ ಮಕ್ಕಳಿಗಾಗಿ ಅದೇ ವಸತಿಯೊಳಗೆ ೧೯೦೭ರಲ್ಲಿ ಮರಿಯಾ ಮಾಂಟೆಸ್ಸೊರಿ ಎಂಬ ವೈದ್ಯೆಯು ಮಕ್ಕಳ ಮನೆಯನ್ನು ತೆರೆದಳು. ಇಂದು ಪಟ್ಟಣಗಳಲ್ಲಿ ಹೆಚ್ಚು ಶುಲ್ಕ ತೆತ್ತು ಸೇರುವ ಮಾಂಟೆಸ್ಸೊರಿ ಶಾಲೆಗಳ ಮೂಲವು ಕೂಲಿಗಾರರ ಮಕ್ಕಳ ಕಾವಲಿನಲ್ಲಿದೆ ಎಂಬುದು ನೆನಪಿಡತಕ್ಕ ಮಾತು. ಭರತಖಂಡದಲ್ಲಿ ತಾರಾಬಾಯಿ ಮೋಡಕ್ ಅವರು ೧೯೪೫ರಲ್ಲಿ ಬೋರ್ಡಿಯೆಂಬ ಹಳ್ಳಿಯಲ್ಲಿ ಗ್ರಾಮದ ಶಿಶುಶಿಕ್ಷಣವನ್ನು ಆರಂಭಿಸಿ, ಅನುತಾಯಿ ವಾಘ್ ಅವರೊಡನೆ ಬಡವರ ಅಂಗಳಕ್ಕೇ ಪಾಠವನ್ನು ಕೊಂಡೊಯ್ದರು. ದನ ಕಾಯುವ ಮಕ್ಕಳಿಗೆ ಹುಲ್ಲುಗಾವಲಿನಲ್ಲಿಯೇ ಶಾಲೆಯನ್ನು ನಡೆಸಿದರು. ಕನ್ನಡನಾಡಿನಲ್ಲಿ ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿಯೂ, ಆರ್. ಕಲ್ಯಾಣಮ್ಮನವರು ೧೯೩೮ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಮಕ್ಕಳ ಕೂಟದಲ್ಲಿಯೂ ಮಕ್ಕಳ ಆಟಕ್ಕೆ ಪಾಠದ ಗೌರವವನ್ನು ತಂದುಕೊಟ್ಟರು.

ಇನ್ನು ಏರ್ಪಾಟಿನ ವಿಷಯ. ಮೊದಲನೆಯದಾಗಿ ಸ್ಥಳ. ಸಾಗರ ತಾಲ್ಲೂಕಿನ ಆನಂದಪುರ, ಹೊಸನಗರ ತಾಲ್ಲೂಕಿನ ಮೂಲೆಗದ್ದೆ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗ, ಹೀಗೆ ಮೂರು ತಾಲ್ಲೂಕುಗಳಲ್ಲಿಯೂ ವೀರಶೈವ ಲಿಂಗಾಯತ ಮಠಗಳಿವೆ. ಇಂತಹ ಮಠಗಳು ಅಕ್ಕಿ, ಪಾತ್ರೆ, ಔಷಧಿ, ಪುಸ್ತಕಗಳನ್ನು ಕೂಡಿಡುವ ಮೂಲಸ್ಥಾನಗಳಾಗಲಿ. ಶಿಬಿರಗಳು ಮಾತ್ರ ಹಳ್ಳಿಯೊಳಗೆ ನಡೆಯಲಿ. ರಜೆಯಲ್ಲಿ ಬರಿದಾಗಿರುವ ಶಾಲೆಯ ಕೊಠಡಿ, ಗ್ರಾಮಪಂಚಾಯತಿಯ ಅರಿವು ಕೇಂದ್ರ, ಸಮುದಾಯ ಭವನ, ಅದೂ ಇಲ್ಲದಲ್ಲಿ ದೊಡ್ಡ ಮನೆಯೊಂದರ ಅಂಗಳದ ಚಪ್ಪರ, ಇವುಗಳಲ್ಲಿ ಯಾವುದಾದರೂ ಸಾಕು. ಆದರೆ ಖಾಸಗಿ ಮನೆಯಾದರೆ ಎಲ್ಲ ಜಾತಿಯ ಮಕ್ಕಳೂ ಒಳಜಗಲಿಯವರೆಗೆ ಬರತಕ್ಕದ್ದೆಂದು ಮನೆಯ ಯಜಮಾನರಿಂದ ಮೊದಲೇ ಮಾತನ್ನು ಪಡೆಯಬೇಕು. ಅಂಗಳದಲ್ಲಿ ನಿಲ್ಲುವ ಮಗು, ಜಗಲಿಯಲ್ಲಿ ಕೂರುವ ಮಗು ಎಂಬ ಎರಡು ಸಾಲುಗಳಾದರೆ ಆ ಶಿಬಿರವನ್ನು ನಡೆಸದಿರುವುದೇ ಲೇಸು.

ಎರಡನೆಯದಾಗಿ ಸಂಖ್ಯೆ ಮತ್ತು ವಯಸ್ಸು. ಒಂದು ಶಿಬಿರಕ್ಕೆ ೩೦ ಮಕ್ಕಳಿಗಿಂತ ಹೆಚ್ಚು ಬೇಡ. ಆರರಿಂದ ಹತ್ತು ವರ್ಷದವರು ಮುಖ್ಯರು. ಆರಕ್ಕಿಂತ ಕಿರಿಯರಿಗೆ ೧೯೭೫ರಿಂದ ಅಂಗನವಾಡಿಗಳಿವೆ. ಆದರೂ ಕಂಕುಳ ಕೂಸನ್ನು ಹೊತ್ತು ಬಂದ ಅಕ್ಕನನ್ನು ಹಿಂದಕ್ಕೆ ಕಳುಹಿಸಕೂಡದು. ಆ ಕೂಸನ್ನು ಇಳಿಸಿಕೊಂಡು ಅವಳ ಕೈಗೆ ಬಿಡುವು ಕೊಡುವುದೇ ಶಿಬಿರದ ಮೊದಲ ಉಪಕಾರ. ಹತ್ತು ಮಕ್ಕಳಿಗೆ ಒಬ್ಬರಂತೆ ಮೂವರು ಪಾಲಕರು, ಅವರಲ್ಲಿ ಇಬ್ಬರಾದರೂ ಸ್ತ್ರೀಯರು, ಜೊತೆಗೆ ಅಡಿಗೆಗೆ ಒಬ್ಬರು. ತಾಲ್ಲೂಕಿಗೆ ಮೂರರಂತೆ ಒಂಬತ್ತು ಶಿಬಿರಗಳನ್ನು ಮೊದಲ ವರ್ಷಕ್ಕೆ ಎಣಿಸಿದರೆ ೨೭೦ ಮಕ್ಕಳು, ೨೭ ಮಂದಿ ಪಾಲಕರು, ೯ ಮಂದಿ ಅಡಿಗೆಯವರು. ಇಷ್ಟು ಜನರನ್ನು ಒದಗಿಸಲಾರದಷ್ಟು ಶ್ರೀಮಠದ ಶಿಷ್ಯವರ್ಗವು ಬಡವಾಗಿಲ್ಲ.

ಮೂರನೆಯದಾಗಿ ಕಾಲ. ರಾತ್ರಿ ಇರಿಸಿಕೊಳ್ಳುವ ಶಿಬಿರವು ಎಳೆಯರಿಗೆ ಒಪ್ಪತಕ್ಕದ್ದಲ್ಲ. ಹಗಲೆಲ್ಲ ಆಡಿದ ಕೂಸಿಗೆ ಸಂಜೆ ತಾಯಿಯ ಮಗ್ಗುಲೇ ಬೇಕು. ಹಗಲೆಲ್ಲ ದುಡಿದ ತಾಯಿಗೂ ಅದೇ ಬೇಕು. ಬೆಳಗ್ಗೆ ಎಂಟೂವರೆಗೆ ಆರಂಭವಾಗಿ ಮಧ್ಯಾಹ್ನ ಮೂರು ಗಂಟೆಯ ಒಳಗೆ ಬಯಲಿನ ಆಟವು ಮುಗಿಯಬೇಕು. ಏಪ್ರಿಲ್ ಕಡೆಯಿಂದ ಮಲೆನಾಡಿನಲ್ಲಿ ಸಂಜೆಯ ಮುಂಚೆ ಮೋಡ ಕವಿದು ಗುಡುಗು ಸಿಡಿಲು ಬರುವುದು ಸರ್ವವಿದಿತ. ಗುಡುಗಿನ ಸದ್ದು ಕೇಳಿದೊಡನೆ ಮಕ್ಕಳು ಮಾಡಿನ ಕೆಳಗೆ ಬರಬೇಕು, ಒಂಟಿ ಮರದ ಕೆಳಗಲ್ಲ. ಕೂಲಿಯವರು ಹಿಂದಿರುಗುವವರೆಗೆ ಕಥೆಯನ್ನು ಹೇಳುತ್ತ ಮಕ್ಕಳನ್ನು ಒಳಗೆ ಕೂರಿಸಿಕೊಳ್ಳಬೇಕು. ಒಟ್ಟು ೧೨ ದಿನಗಳು ಸಾಕು. ವೈಶಾಖ ಶುದ್ಧ ತದಿಗೆಯ ಬಸವಜಯಂತಿಯು ಈ ರಜೆಯೊಳಗೇ ಬರುವುದರಿಂದ ಅಂದೇ ಶಿಬಿರವನ್ನು ಮುಗಿಸುವುದು ಯುಕ್ತ.

ನಾಲ್ಕನೆಯದು ಎಲ್ಲಕ್ಕಿಂತಲೂ ಜಾಗರೂಕತೆಯನ್ನು ಬೇಡುವ ವಿಷಯ. ಅದು ಮಕ್ಕಳ ಪ್ರಾಣರಕ್ಷಣೆ. ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ ೧೯೫೭ರಲ್ಲಿ ಗುರುತಿಗೆ ಬಂದ ಮಂಗನ ಕಾಯಿಲೆಯು ಈ ಮೂರು ತಾಲ್ಲೂಕುಗಳನ್ನೂ ಬಿಟ್ಟಿಲ್ಲ. ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತಮುತ್ತ ೨೦೧೯ರಲ್ಲಿ ಅದು ತಂದ ಸಂಕಟವನ್ನು ಆ ಭಾಗದ ಭಕ್ತರು ಮರೆತಿರಲಾರರು. ಈ ರೋಗವನ್ನು ಹರಡತಕ್ಕದ್ದು ಉಣುಗು. ಮಂಗವು ಸತ್ತೊಡನೆ ಅದರ ಮೈಮೇಲಿನ ಉಣುಗುಗಳು ಕೆಳಗುದುರಿ ಆ ನೆಲದಲ್ಲಿ ಹರಡುತ್ತವೆ. ಡಿಸೆಂಬರಿನಿಂದ ಮೇ ವರೆಗಿನ ಒಣ ದಿನಗಳಲ್ಲಿಯೇ ಇದರ ಕಾಟ. ಎಂದರೆ ಶಿಬಿರದ ಕಾಲವೂ ರೋಗದ ಕಾಲವೂ ಒಂದೇ. ಆದುದರಿಂದ ಪಟ್ಟಣದ ಶಿಬಿರಗಳಂತೆ ಮಕ್ಕಳನ್ನು ಸಾಲುಗಟ್ಟಿಸಿ ಕಾಡಿನೊಳಗೆ ಚಾರಣಕ್ಕೆ ಕರೆದೊಯ್ಯುವುದು ಇಲ್ಲಿ ಸಲ್ಲದು. ದರಗಿನ ರಾಶಿಯ ಮೇಲೆ ಆಡಬಾರದು, ಕೂರಬಾರದು. ಸುತ್ತಲಿನಲ್ಲಿ ಮಂಗ ಸತ್ತಿತೆಂಬ ಸುದ್ದಿ ಬಂದರೆ ಆರೋಗ್ಯ ಇಲಾಖೆಗೆ ತಿಳಿಸಿ, ಅವರು ಹೇಳಿದಂತೆ ಸ್ಥಳವನ್ನು ಬದಲಾಯಿಸಬೇಕು ಅಥವಾ ಶಿಬಿರವನ್ನೇ ನಿಲ್ಲಿಸಬೇಕು. ಮಗುವಿಗೆ ಜ್ವರ ಬಂದರೆ ಸಂಜೆಯವರೆಗೆ ಕಾಯದೆ ತಾಯಿಗೆ ಹೇಳಿ ಕಳುಹಿಸಿ ಆಸ್ಪತ್ರೆಗೆ ತೋರಿಸಬೇಕು.

ನೀರಿನ ಭಯವೂ ಇದಕ್ಕಿಂತ ಕಡಮೆಯಲ್ಲ. ತೋಟದ ಬಾವಿ, ಕೆರೆ, ಹೊಳೆಯ ಗುಂಡಿ, ಹಿನ್ನೀರಿನ ಕೆಸರಂಚು ಇವು ಬಿಸಿಲಿನ ದಿನ ಮಕ್ಕಳನ್ನು ಕೈಬೀಸಿ ಕರೆಯುತ್ತವೆ. ಶಿಬಿರದ ಸ್ಥಳಕ್ಕೆ ಹತ್ತಿರದಲ್ಲಿ ಕಟ್ಟೆಯಿಲ್ಲದ ಬಾವಿಯಿದ್ದರೆ ಬೇಲಿ ಕಟ್ಟಿದ ಮೇಲೆಯೇ ಆರಂಭ. ಗಂಟೆಗೊಮ್ಮೆ ತಲೆಗಳನ್ನು ಎಣಿಸತಕ್ಕದ್ದು. ಮೂವತ್ತು ಬಂದವು, ಮೂವತ್ತು ಹೋದವು ಎಂದು ಸಂಜೆ ಬರೆದಿಡುವ ಒಂದು ಸಾಲಿನ ಲೆಕ್ಕವು ಶಿಬಿರದ ಎಲ್ಲ ವರದಿಗಳಿಗಿಂತ ಮೇಲಾದುದು.

ರಕ್ಷಣೆಯ ಮಾತಿನಲ್ಲಿ ಇನ್ನೊಂದನ್ನು ಸಂಕೋಚವಿಲ್ಲದೆ ಹೇಳಬೇಕಾಗಿದೆ. ಮಗುವನ್ನು ಹೊಡೆಯಕೂಡದು, ಹೀಯಾಳಿಸಕೂಡದು. ಯಾವ ಮಗುವನ್ನೂ ಒಬ್ಬರೇ ಹಿರಿಯರೊಡನೆ ಏಕಾಂತದಲ್ಲಿ ಬಿಡಕೂಡದು. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳಿಗಾಗಿ ೨೦೧೨ರಲ್ಲಿ ಕಠಿನವಾದ ಕಾನೂನು ಬಂದಿದೆ. ಅಂತಹ ಅಪರಾಧವು ತಿಳಿದೂ ಮುಚ್ಚಿಡುವವನು ಕೂಡ ಅದರ ಪ್ರಕಾರ ಶಿಕ್ಷೆಗೆ ಗುರಿಯಾಗುತ್ತಾನೆ. ವಿದ್ಯೆಯಾಗಲಿ, ಹಿರಿತನವಾಗಲಿ, ಕಾವಿಯಾಗಲಿ ಈ ನಿಯಮಕ್ಕೆ ಹೊರತಾಗಿರಕೂಡದು. ಮಗುವು ಹೇಳಿದ ದೂರನ್ನು ಮಠದ ಗೌರವಕ್ಕಾಗಿ ಅಡಗಿಸಿದರೆ ಅಡಗುವುದು ದೂರಲ್ಲ, ಮಠದ ಗೌರವವೇ.

ಐದನೆಯದು ಊಟ. ಅಕ್ಷರದಾಸೋಹದಲ್ಲಿ ಐದನೆಯ ತರಗತಿಯವರೆಗಿನ ಮಗುವಿಗೆ ದಿನಕ್ಕೆ ೧೦೦ ಗ್ರಾಂ ಧಾನ್ಯದ ಗಣನೆಯುಂಟು. ಅದೇ ಲೆಕ್ಕದಲ್ಲಿ ೩೦ ಮಕ್ಕಳಿಗೆ ದಿನಕ್ಕೆ ೩ ಕಿಲೋ, ೧೨ ದಿನಕ್ಕೆ ೩೬ ಕಿಲೋ ಅಕ್ಕಿ. ಒಂಬತ್ತು ಶಿಬಿರಗಳಿಗೆ ೩೨೪ ಕಿಲೋ. ಮಹೋತ್ಸವದ ಒಂದು ದಿನದ ಪ್ರಸಾದದ ಪ್ರಮಾಣವನ್ನು ಬಲ್ಲ ಭಕ್ತರಿಗೆ ಈ ಅಂಕಿಯು ಎಷ್ಟು ಚಿಕ್ಕದೆಂದು ವಿವರಿಸಬೇಕಾಗಿಲ್ಲ. ಇದನ್ನು ಒಬ್ಬ ಧನಿಕನಿಂದ ಪಡೆಯುವುದಕ್ಕಿಂತ ಜೋಳಿಗೆಯನ್ನು ಹಿಡಿದು ಮನೆಗೊಂದು ಕಿಲೋದಂತೆ ೩೨೪ ಮನೆಗಳಿಂದ ಎತ್ತುವುದು ಶ್ರೇಯಸ್ಕರ. ಅಷ್ಟು ಮನೆಗಳಿಗೆ ಶಿಬಿರವು ತಮ್ಮದಾಗುತ್ತದೆ. ಹಿತ್ತಿಲ ಹರಿವೆ, ಬೇಯಿಸಿದ ಹಲಸಿನ ಬೀಜ, ತಂಪಿಗೆ ಮಜ್ಜಿಗೆ, ಮುರುಗಲ ಹಣ್ಣಿನ ಪಾನಕ, ಅಪ್ಪೆಹುಳಿ ಇವೆಲ್ಲ ಈ ಸೀಮೆಯ ಬೇಸಿಗೆಯೇ ಕೊಡುವ ವಸ್ತುಗಳು. ಎಲ್ಲ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣತಕ್ಕದ್ದು. ಬಡಿಸುವವರೂ ಆ ಪಂಕ್ತಿಯಲ್ಲಿಯೇ ಉಣ್ಣತಕ್ಕದ್ದು.

ಇನ್ನು ಕಲಿಸುವುದೇನು? ಶಿಬಿರವು ಮರಿಶಾಲೆಯಲ್ಲ. ಪರೀಕ್ಷೆ, ಬಹುಮಾನ, ಮೊದಲನೆಯವನು ಕಡೆಯವನು ಎಂಬುದು ಇಲ್ಲಿ ಬೇಡ. ತನ್ನ ನಾಡನ್ನು ತನ್ನ ಕಣ್ಣಿನಿಂದ ನೋಡುವುದನ್ನು ಮಗು ಕಲಿತರೆ ಸಾಕು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿನ ಜೋಗದಲ್ಲಿ ೮೩೦ ಅಡಿಗಳ ಆಳಕ್ಕೆ ಧುಮುಕುತ್ತಾಳೆ. ಆ ಒಂದು ಹೊಳೆಯನ್ನು ನೆಲದ ಮೇಲೆ ರಂಗೋಲಿಯಲ್ಲಿ ಬರೆಯಿಸಿ ಪ್ರತಿಯೊಂದು ಮಗುವೂ ತನ್ನ ಮನೆಯ ಹಳ್ಳವು ಎಲ್ಲಿ ಸೇರುತ್ತದೆಂದು ಹುಡುಕಲಿ; ತುಂಗೆಯ ಸೀಮೆಯ ಮಕ್ಕಳು ತುಂಗೆಯನ್ನು ಬರೆಯಲಿ. ಭೂಗೋಳದ ಪಾಠವು ಅಲ್ಲಿಯೇ ಆಗುತ್ತದೆ. ಕೆಳದಿ ಇಕ್ಕೇರಿಗಳು ಸಾಗರದಲ್ಲಿ, ಬಿದನೂರು ನಗರವು ಹೊಸನಗರದಲ್ಲಿ, ಕವಲೇದುರ್ಗವು ತೀರ್ಥಹಳ್ಳಿಯಲ್ಲಿ ಇರುವುದರಿಂದ ೧೭೬೩ರಲ್ಲಿ ಅಳಿದ ಕೆಳದಿಯ ರಾಜ್ಯದ ಕಥೆಯು ಮೂರು ತಾಲ್ಲೂಕಿನ ಮಕ್ಕಳಿಗೂ ಮನೆಯ ಕಥೆ. ಛತ್ರಪತಿ ಶಿವಾಜಿಯ ಮಗ ರಾಜಾರಾಮನು ಮೊಗಲರ ಸೈನ್ಯಕ್ಕೆ ಸಿಕ್ಕದಂತೆ ಓಡಿಬಂದಾಗ ರಾಣಿ ಚೆನ್ನಮ್ಮಾಜಿಯು ಅವನಿಗೆ ಆಶ್ರಯವಿತ್ತು ಔರಂಗಜೇಬನ ಕೋಪವನ್ನು ಎದುರಿಸಿದ ಸಂಗತಿಯನ್ನು ಹೇಳಿದರೆ, ಮರೆಹೊಕ್ಕವರನ್ನು ಕೈಬಿಡಬಾರದೆಂಬ ನೀತಿಯನ್ನು ಬೇರೆಯಾಗಿ ಬೋಧಿಸಬೇಕಾಗಿಲ್ಲ.

ಕೈಯ ಕೆಲಸಕ್ಕೂ ಗುರುಗಳನ್ನು ದೂರದಿಂದ ತರಿಸಬೇಕಾಗಿಲ್ಲ. ದೀವರ ಮನೆಯ ತಾಯಂದಿರು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳುಪಿನಿಂದ, ನಾರಿನ ಕುಂಚದಿಂದ ಬರೆಯುವ ಹಸೆಚಿತ್ತಾರವಿದೆ. ಸಾಗರದ ಗುಡಿಗಾರರ ಕೆತ್ತನೆಯಿದೆ. ಬುಟ್ಟಿ ಹೆಣೆಯುವವರ ಕೈಚಳಕವಿದೆ. ಇವರನ್ನು ಗುರುಗಳೆಂದು ಕರೆದು, ಮಣೆ ಹಾಕಿ ಕೂರಿಸಿ, ಮಕ್ಕಳಿಂದ ಶರಣು ಹೇಳಿಸಬೇಕು. ತನ್ನ ತಾಯಿಯೇ ಗುರುವಿನ ಮಣೆಯಲ್ಲಿ ಕುಳಿತುದನ್ನು ಕಂಡ ಕೂಲಿಯವಳ ಮಗುವು ಅಂದು ಕಲಿಯುವ ಪಾಠವು ಪುಸ್ತಕದಲ್ಲಿ ಸಿಕ್ಕುವುದಿಲ್ಲ. ಕಾಯಕದ ಮಹಿಮೆಯನ್ನು ಹನ್ನೆರಡನೆಯ ಶತಮಾನದ ಮಾತಾಗಿಯೇ ಉಳಿಸದೆ ಅಂಗಳಕ್ಕೆ ಇಳಿಸುವ ಬಗೆ ಇದು. ಆಟಕ್ಕೆ ಲಗೋರಿ, ಕುಂಟಾಬಿಲ್ಲೆ, ಚನ್ನೆಮಣೆ. ನಾಟಕಕ್ಕೆ ೧೯೪೯ರಲ್ಲಿ ಹೆಗ್ಗೋಡಿನಲ್ಲಿ ಹುಟ್ಟಿದ ನೀನಾಸಮ್ಮಿನ ನೆರೆಯೇ ಇದೆ. ಅಲ್ಲಿ ಪಳಗಿದ ತರುಣರನ್ನು ಕೇಳಿಕೊಂಡರೆ ವಾರದಲ್ಲಿ ಎರಡು ದಿನ ಬಂದು ಮಕ್ಕಳನ್ನು ಕುಣಿಸಿ ನಗಿಸಲು ಅವರು ಹಿಂಜರಿಯಲಾರರು.

ಈ ಏರ್ಪಾಟಿಗೆ ಎರಡು ಆಕ್ಷೇಪಗಳು ಬರುವುದು ಸಹಜ. ಧರ್ಮಬೋಧೆಗೆ ಇಲ್ಲಿ ಸ್ಥಾನವೆಲ್ಲಿ ಎಂಬುದು ಮೊದಲನೆಯದು. ಎಲ್ಲ ಮತದ ಮಕ್ಕಳೂ ಬರುವಲ್ಲಿ ಒಂದು ಮತದ ಆಚಾರವನ್ನು ಹೇರುವುದು ಯುಕ್ತವಲ್ಲ. ಎರಡು ನಿಮಿಷದ ಮೌನ, ಉಣ್ಣುವ ಮುಂಚೆ ಅನ್ನ ಬೆಳೆದವರ ನೆನಪು, ಇಷ್ಟು ಸಾಕು. ಕೆಳದಿಯ ಬಸವಪ್ಪನಾಯಕನು ಶಿವತತ್ತ್ವರತ್ನಾಕರವೆಂಬ ಮಹಾಗ್ರಂಥವನ್ನು ಮಗನ ಪ್ರಶ್ನೆಗಳಿಗೆ ತಂದೆಯು ಹೇಳುವ ಉತ್ತರಗಳ ರೂಪದಲ್ಲಿ ರಚಿಸಿದನು. ಮಗು ಕೇಳಬೇಕು, ಹಿರಿಯರು ಹೇಳಬೇಕು ಎಂಬ ಕ್ರಮವನ್ನು ಅರಸನೇ ಒಪ್ಪಿದ ಮೇಲೆ, ಕೇಳದ ಮಗುವಿಗೆ ಬೋಧಿಸುವ ಆತುರವು ಪಂಡಿತರಿಗೇಕೆ? ಸಮಪಂಕ್ತಿಯಲ್ಲಿ ಉಂಡ ಮಗುವು ಧರ್ಮವನ್ನು ಕಿವಿಯಿಂದಲ್ಲದೆ ನಾಲಗೆಯಿಂದಲೇ ತಿಳಿದಿರುತ್ತದೆ.

ಹನ್ನೆರಡು ದಿನಗಳಿಂದ ಆಗುವುದೇನು, ಉಳಿದ ದಿನಗಳಲ್ಲಿ ಆ ಮಕ್ಕಳ ಗತಿಯೇನು ಎಂಬುದು ಎರಡನೆಯ ಆಕ್ಷೇಪ. ಇದು ಬಲವಾದ ಮಾತೇ. ಹನ್ನೆರಡು ದಿನಗಳಿಂದ ಬಡತನವು ಹೋಗುವುದಿಲ್ಲ. ಆದರೆ ಊರಿನ ಯಾವ ಮನೆಯಲ್ಲಿ ಮಗುವು ಹಗಲೆಲ್ಲ ಒಂಟಿಯಾಗಿರುತ್ತದೆ, ಯಾವ ಬಾವಿಗೆ ಕಟ್ಟೆಯಿಲ್ಲ, ಯಾವ ಮಗುವಿಗೆ ಅಕ್ಷರವೇ ಕಾಣುತ್ತಿಲ್ಲ ಎಂಬುದು ಆ ಹನ್ನೆರಡು ದಿನಗಳಲ್ಲಿ ಊರಿಗೆ ತಿಳಿಯುತ್ತದೆ. ತಿಳಿದ ಮೇಲೆ ತಿಳಿಯದವರಂತೆ ಇರುವುದು ಭಕ್ತರಿಗೆ ಸಾಧ್ಯವಿಲ್ಲ. ಪಾಲಕರಾಗಿ ನಿಂತ ತಾಯಂದಿರೇ ಉಳಿದ ವಾರಗಳಲ್ಲಿ ಸರದಿಯಂತೆ ತಮ್ಮ ಜಗಲಿಯನ್ನು ತೆರೆದಿಟ್ಟರೆ ಶಿಬಿರವು ಮುಗಿದೂ ಮುಗಿಯದೆ ನಡೆಯುತ್ತದೆ.

ಸದ್ಭಕ್ತರೇ, ಮಹೋತ್ಸವಗಳ ನೆನಪಿಗಾಗಿ ಮಹಾದ್ವಾರಗಳನ್ನೂ ಕಲ್ಲಿನ ಶಾಸನಗಳನ್ನೂ ನಿಲ್ಲಿಸುವುದು ವಾಡಿಕೆ. ಅವು ನಿಂತಲ್ಲಿಯೇ ನಿಲ್ಲುತ್ತವೆ. ಈ ಮಹೋತ್ಸವದ ನೆನಪು ಒಂಬತ್ತು ಹಳ್ಳಿಗಳ ಅಂಗಳದಲ್ಲಿ ಓಡಾಡುವಂತಾಗಲಿ. ಈ ಸಭೆಯಿಂದ ಹಿಂದಿರುಗುವ ಮುನ್ನ ಪ್ರತಿಯೊಂದು ಊರಿನ ಭಕ್ತರೂ ತಮ್ಮ ಸುತ್ತಲಿನಲ್ಲಿ ಹಗಲು ಒಂಟಿಯಾಗುವ ಮಕ್ಕಳು ಎಷ್ಟು ಮಂದಿ ಎಂಬುದನ್ನು ಎಣಿಸಿ ತಿಳಿಸುವುದಾಗಿ ಮಠದ ಕಾರ್ಯದರ್ಶಿಗಳಲ್ಲಿ ಹೆಸರು ಬರೆಯಿಸಲಿ. ಅಕ್ಕಿಯ ಮಾತು ಆಮೇಲೆ, ಹಣದ ಮಾತು ಅದಕ್ಕೂ ಆಮೇಲೆ. ಮೊದಲು ಮಕ್ಕಳ ಲೆಕ್ಕವು ಬರಲಿ. ಶ್ರೀ ಗುರುಕೃಪೆಯಿಂದ ಈ ಕಾರ್ಯವು ನಿರ್ವಿಘ್ನವಾಗಿ ನೆರವೇರಲಿ.

ಶುಭಮಸ್ತು.